ಹೊಸಹಳ್ಳಿಯಿಂದ ಹೊಸಹಳ್ಳಿಗೆ ಹೋದರೆ ಸಿಗ್ನಲ್ ಇಲ್ಲ

ಕೋಡ್ ಕಂಪೈಲ್ ಆಯಿತು. ಒಂದೇ ಒಂದು ಎರರ್ ಇಲ್ಲ. ವಿಂಡೋನೂ ತೆರೆಯಿತು. ಆದರೆ ತಾಲ್ಲೂಕು ಆರಿಸಿದರೆ ಕೆಳಗಿನ ಹಳ್ಳಿಗಳ ಪಟ್ಟಿ ಅಲುಗಾಡುತ್ತಿಲ್ಲ.

ಫಾರ್ಮ್ ತುಂಬಿಸುವ ನಮ್ಮ ಸಣ್ಣ ಕೋಡ್ ಲೈಬ್ರರಿಯನ್ನು ಕ್ಯೂಟಿ 5ರಿಂದ 6ಕ್ಕೆ ಒಯ್ದ ದಿನ ಆದದ್ದು ಇದು. ವಿಂಡೋ, ಬಟನ್ ಕಟ್ಟಿಕೊಡುವ ಟೂಲ್‌ಕಿಟ್ ಈ ಕ್ಯೂಟಿ (Qt). (‘ಕ್ಯೂಟ್’ ಎಂದು ಓದಬೇಕಂತೆ. ನಾವೆಲ್ಲ ಕ್ಯೂಟಿ ಅನ್ನುವುದೇ.) ಟರ್ಮಿನಲ್ ನೋಡಿದರೆ, ಇಂಥ ಸಿಗ್ನಲ್ ಇಲ್ಲ ಎಂಬ ಒಂದು ಸಾಲು ಲಾಗ್ ನಡುವೆ ಸುಮ್ನೆ ಕೂತಿತ್ತು. ಸಿಗ್ನಲ್ ಅಂದರೆ ಏನೋ ಬದಲಾಯಿತು ಎಂದು ಬಾಕ್ಸ್, ಬಟನ್‌ಗಳು ಕೊಡುವ ಸುದ್ದಿ. ಅದನ್ನು ಕೇಳಿ ಕೆಲಸ ಮಾಡುವ ಫಂಕ್ಷನ್ ಸ್ಲಾಟ್.

ಪಟ್ಟಿಯಿಂದ ಒಂದನ್ನು ಆರಿಸುವ ಪೆಟ್ಟಿಗೆಯೇ ಕಾಂಬೋ ಬಾಕ್ಸ್. ಹಳೆಯ ಕಾಂಬೋ ಬಾಕ್ಸ್‌ನಲ್ಲಿ ‘ಕರೆಂಟ್‌ಇಂಡೆಕ್ಸ್‌ಚೇಂಜ್ಡ್’ ಹೆಸರಿನ ಸಿಗ್ನಲ್ ಎರಡಿದ್ದವು. ಒಂದು ಆರಿಸಿದ ಸಾಲಿನ ನಂಬರ್ ಕೊಡುತ್ತಿತ್ತು, ಇನ್ನೊಂದು ಅದರ ಹೆಸರು. 2020ರ ಡಿಸೆಂಬರ್‌ನಲ್ಲಿ ಬಂದ 6ರಲ್ಲಿ ಹೆಸರು ಕೊಡುವುದನ್ನು ತೆಗೆದರು. 5.15ರಲ್ಲೇ ಮುನ್ಸೂಚನೆ ಇತ್ತು, ನಮಗೆ ಕಾಣಲಿಲ್ಲ ಅಷ್ಟೆ. ನಾವು ಕನೆಕ್ಟ್ ಮಾಡಿದ್ದು ಹಳೇ ಸಿಗ್ನಲ್-ಸ್ಲಾಟ್ ಮ್ಯಾಕ್ರೋದಲ್ಲಿ. ಅದರೊಳಗಿನ ಹೆಸರು ಬರೀ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್ ಒಳಗೆ ಏನು ಬರೆದಿದ್ದರೂ ಕಂಪೈಲರ್ ಕೇಳುವುದಿಲ್ಲ, ಓಡುವಾಗಲೇ ಗೊತ್ತಾಗುವುದು.

ಬದಲಿಗೆ ‘ಕರೆಂಟ್‌ಟೆಕ್ಸ್ಟ್‌ಚೇಂಜ್ಡ್’ ಬಳಸಿದರಾಯಿತು ಅಂದುಕೊಂಡೆ. ಹತ್ತು ನಿಮಿಷದಲ್ಲಿ ಬದಲಿಸಿ ಟೀ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಎರಡು ತಕರಾರು. ಮೊದಲನೆಯದು, ಟೈಪ್ ಮಾಡಬಹುದಾದ ಕಾಂಬೋ ಬಾಕ್ಸ್‌ನಲ್ಲಿ ಈ ಸಿಗ್ನಲ್ ಒಂದೊಂದು ಅಕ್ಷರ ಒತ್ತಿದಾಗಲೂ ಬರುತ್ತದೆ. ಒಂದು ಹೆಸರು ಟೈಪ್ ಮಾಡುವಷ್ಟರಲ್ಲಿ ಡೇಟಾಬೇಸ್‌ಗೆ ಆರೇಳು ಕ್ವೆರಿ! ಎರಡನೆಯದೂ ಅಂಥ ಟೈಪ್ ಮಾಡುವ ಬಾಕ್ಸ್‌ನದೇ, ಇನ್ನೂ ಮಜಾ. ನಮ್ಮ ಡೇಟಾದಲ್ಲಿ ಒಂದೇ ತಾಲ್ಲೂಕಿಗೆ ಎರಡು ಹೊಸಹಳ್ಳಿ. ಒಂದು ಹೊಸಹಳ್ಳಿಯಿಂದ ಇನ್ನೊಂದಕ್ಕೆ ಹೋದರೆ ಸಾಲು ಬದಲಾಗುತ್ತದೆ, ಅಕ್ಷರ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಸಿಗ್ನಲ್ ಬರಲಿಲ್ಲ. ಮೇಲೆ ಎರಡನೇ ಊರು, ಕೆಳಗೆ ಮೊದಲನೇ ಊರಿನ ವಿವರ.

ಕೊನೆಗೆ ನಂಬರ್ ಕೊಡುವ ಸಿಗ್ನಲ್‌ಗೇ ಬಂದೆ. ನಂಬರ್ ಹಿಡಿದು ‘ಐಟಂಟೆಕ್ಸ್ಟ್’ ಕೇಳಿದರೆ ಹೆಸರು ಸಿಗುತ್ತದೆ. ಪಟ್ಟಿ ಖಾಲಿಯಾದಾಗ ನಂಬರ್ -1, ಹೆಸರು ಖಾಲಿ. ಹಳೆಯ ಸಿಗ್ನಲ್ ಕೊಡುತ್ತಿದ್ದದ್ದೂ ಅದನ್ನೇ. ಈ ಸಲ ಮ್ಯಾಕ್ರೋ ಬಿಟ್ಟು ಫಂಕ್ಷನ್ ಪಾಯಿಂಟರ್ ಕೊಟ್ಟೆ, ಅಂದರೆ ಸ್ಟ್ರಿಂಗ್ ಬದಲು ಫಂಕ್ಷನ್‌ನ ವಿಳಾಸ. ಹೆಸರು ತಪ್ಪಿದರೆ ಕಂಪೈಲರೇ ಹೇಳುತ್ತದೆ. ಲೈಬ್ರರಿ ಬಳಸುವವರಲ್ಲಿ ಜಾಸ್ತಿ ಜನ ಇನ್ನೂ 5ರಲ್ಲೇ ಇದ್ದಾರೆ. ಅಲ್ಲಿ ಎರಡು ಸಿಗ್ನಲ್‌ಗೂ ಒಂದೇ ಹೆಸರು ಇರುವುದರಿಂದ ಯಾವುದು ಬೇಕೆಂದು ‘ಕ್ಯೂಓವರ್‌ಲೋಡ್’ ಹಾಕಿ ಹೇಳಬೇಕು. 6ರಲ್ಲಿ ಅದು ಬೇಕಿಲ್ಲ, ಇದ್ದರೂ ತೊಂದರೆಯಿಲ್ಲ. ಹೀಗಾಗಿ ಎರಡಕ್ಕೂ ಒಂದೇ ಕೋಡ್ ಸಾಕಾಯಿತು. ಸ್ಲಾಟ್ ಬದಲು ಲ್ಯಾಂಬ್ಡಾ (ಹೆಸರಿಲ್ಲದೆ ಅಲ್ಲೇ ಬರೆದ ಫಂಕ್ಷನ್) ಕೊಡುವವರು ಅದಕ್ಕೂ ಮೊದಲು ಕಾಂಟೆಕ್ಸ್ಟ್ ಆಬ್ಜೆಕ್ಟ್, ಅಂದರೆ ಅದು ಯಾವ ವಿಂಡೋಗೆ ಸೇರಿದ್ದು ಎಂಬುದನ್ನು, ಕೊಡಲು ಮರೆಯಬೇಡಿ. ಇಲ್ಲದಿದ್ದರೆ ಮುಚ್ಚಿಹೋದ ವಿಂಡೋಗೆ ಸಿಗ್ನಲ್ ಬಂದು ಪ್ರೋಗ್ರಾಂ ಕ್ರ್ಯಾಶ್ ಆದೀತು.

ಆಮೇಲೆ ಟೆಸ್ಟ್ ಓಡಿಸುವ ಮೆಷಿನ್‌ನಲ್ಲಿ ಕ್ಯೂಟಿಯ ‘ಫೇಟಲ್ ವಾರ್ನಿಂಗ್ಸ್’ ಎನ್ವಿರಾನ್ಮೆಂಟ್ ವೇರಿಯಬಲ್ ಹಾಕಿಟ್ಟೆ. ಈಗ ಇಂಥ ಒಂದು ವಾರ್ನಿಂಗ್ ಬಂದರೂ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಮೊದಲ ದಿನವೇ ಇನ್ನೆರಡು ಸಿಕ್ಕವು. ಒಂದು, ಕ್ಯೂಪ್ರೊಸೆಸ್‌ನ ‘ಎರರ್’. ಅದು ಈಗ ‘ಎರರ್‌ಒಕರ್ಡ್’. ಇನ್ನೊಂದರಲ್ಲಿ ಸ್ಲಾಟ್‌ನ ಸ್ಪೆಲ್ಲಿಂಗೇ ತಪ್ಪು. ಆ ಬಟನ್ ಬರೆದ ದಿನದಿಂದಲೂ ಕೆಲಸ ಮಾಡಿಲ್ಲ, ಯಾರೂ ಕೇಳಿಯೂ ಇಲ್ಲ. ಬಟನ್ನನ್ನೇ ತೆಗೆದುಹಾಕಿದೆ.