ಸ್ಟೋಮಾ ಪಕ್ಕದ ಹರ್ನಿಯಾಗೆ ಮೆಶ್ ಹಾಕಿಸಿದ್ರೆ ಮತ್ತೆ ಬರಲ್ವಾ?

ಮೂಡಿಗೆರೆ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮಪ್ಪಂಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಹೊಟ್ಟೆ ಮೇಲೆ ಬ್ಯಾಗ್ ಹಾಕಿದಾರೆ. ಈಗ ಅದ್ರ ಪಕ್ಕ ಉಬ್ಬಿದೆ, ಬ್ಯಾಗ್ ಸರಿಯಾಗಿ ಅಂಟಲ್ಲ, ಲೀಕ್ ಆಗುತ್ತೆ. ಸಣ್ಣ ತೂತು ಮಾಡಿ ಮೆಶ್ ಹಾಕ್ತೀವಿ ಅಂತಿದಾರೆ. ಮತ್ತೆ ಬರಲ್ಲ ತಾನೆ?"

ಬರಬಹುದು ರೀ. ಆದ್ರೆ ಎಷ್ಟು ಸಲೀಸಾಗಿ ಬರುತ್ತೆ ಅನ್ನೋದು ಮೆಶ್ (ಒಳಗೆ ಆಸರೆಗೆ ಹಾಕೋ ಬಲೆಯಂಥ ಬಟ್ಟೆ) ಹೇಗೆ ಕೂರಿಸ್ತಾರೆ ಅನ್ನೋದ್ರ ಮೇಲೆ ತುಂಬಾ ನಿಂತಿದೆ.

ಬ್ಯಾಗ್ ಅಂಟಿಸೋಕೆ ಅಂತ ಕರುಳನ್ನ ಹೊಟ್ಟೆ ಮೇಲೆ ತಂದಿರೋ ಬಾಯಿಗೆ ಸ್ಟೋಮಾ ಅಂತಾರೆ, ಅದ್ರ ಪಕ್ಕ ಹೊಟ್ಟೆ ಗೋಡೆ ಸಡಿಲ ಆಗಿ ಒಳಗಿಂದು ಉಬ್ಬಿ ಬರೋದೇ ಈ ಹರ್ನಿಯಾ. ಬೇರೆ ಹರ್ನಿಯಾ ಆದ್ರೆ ಗೋಡೆಲಿ ಆಗಿರೋ ತೂತು ಪೂರ್ತಿ ಮುಚ್ಚಿಬಿಡ್ತಾರೆ, ಇಲ್ಲಿ ಹಾಗೆ ಮಾಡೋಕಾಗಲ್ಲ, ಮಲ ಹೊರಗೆ ಬರೋಕೆ ಕರುಳಿಗೆ ದಾರಿ ಬೇಕಲ್ಲ, ಹಂಗಾಗಿ ಕೆಮ್ಮಿದಾಗ, ಮುಕ್ಕಿದಾಗ, ಕಾಫಿ ಮೂಟೆ ಎತ್ತಿದಾಗ ಒಳಗಿನ ಒತ್ತಡ ಎಲ್ಲಾ ಅದೇ ಜಾಗಕ್ಕೆ ಬಿದ್ದು ಅದು ಅಗಲ ಆಗ್ತಾ ಹೋಗುತ್ತೆ. ನಿಮ್ಮಪ್ಪಂಗೊಬ್ಬರಿಗೆ ಆಗಿರೋದಲ್ಲ, ಸ್ಟೋಮಾ ಇರೋರಲ್ಲಿ ಎರಡು ವರ್ಷದೊಳಗೆ ಹೆಚ್ಚುಕಡಿಮೆ 100ಕ್ಕೆ 40 ಜನಕ್ಕೆ ಬರುತ್ತೆ. ಬರೀ ಹೊಲಿಗೆ ಹಾಕಿದ್ರೆ ನಿಲ್ಲೋದು ಕಮ್ಮಿ, ಅದಕ್ಕೇ ಮೆಶ್.

ಅದ್ರಲ್ಲಿ ಮುಖ್ಯವಾಗಿ ಎರಡು ಥರ. ಕೀಹೋಲ್ ಅನ್ನೋದ್ರಲ್ಲಿ ಮೆಶ್ ಸೀಳಿ ನಡುವೆ ತೂತು ಮಾಡಿ, ಕರುಳಿನ ಸುತ್ತ ಅಂಗಿ ಕಾಲರ್ ಥರ ಕೂರಿಸ್ತಾರೆ. ತೊಂದ್ರೆ ಏನಂದ್ರೆ ಆ ತೂತೇ ನಿಧಾನಕ್ಕೆ ದೊಡ್ಡದಾಗಬಹುದು. ಇನ್ನೊಂದು ಶುಗರ್‌ಬೇಕರ್ ವಿಧಾನ, ಅಮೆರಿಕದ ಸರ್ಜನ್ ಪಾಲ್ ಶುಗರ್‌ಬೇಕರ್ 1985ರಲ್ಲಿ ಬರೆದದ್ದು. ಇದ್ರಲ್ಲಿ ಮೆಶ್‌ಗೆ ತೂತೇ ಇಲ್ಲ, ಕರುಳನ್ನ ಹೊಟ್ಟೆ ಗೋಡೆಗೆ ಒರಗಿಸಿ ಪಕ್ಕದಿಂದ ತಂದು ಅದ್ರ ಮೇಲೆ ಮೆಶ್ ಹೊದಿಸ್ತಾರೆ, ಒತ್ತಡ ಬಿದ್ರೂ ನುಗ್ಗೋಕೆ ನೇರ ದಾರಿ ಇರಲ್ಲ. 2012ರಲ್ಲಿ ಬಂದ ಒಂದು ವಿಮರ್ಶೆಲಿ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ, ಲ್ಯಾಪ್ರೋಸ್ಕೋಪಿಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಟ್ಟು ಮಾಡೋ ಆಪರೇಷನ್) ಮಾಡಿದ ಕೀಹೋಲಲ್ಲಿ ಸುಮಾರು 35% ಜನಕ್ಕೆ ಹರ್ನಿಯಾ ವಾಪಸ್ ಬಂದಿತ್ತು, ಶುಗರ್‌ಬೇಕರ್‌ನಲ್ಲಿ 12% ಹತ್ರ. ಯುರೋಪಿಯನ್ ಹರ್ನಿಯಾ ಸೊಸೈಟಿಯೂ ಲ್ಯಾಪ್ರೋಸ್ಕೋಪಿ ಮಾಡೋದಾದ್ರೆ ತೂತಿಲ್ಲದ ಮೆಶ್ಶೇ ವಾಸಿ ಅನ್ನುತ್ತೆ. ಆದ್ರೂ ಎಲ್ರಿಗೂ ಅದು ಹೊಂದಲ್ಲ, ಕರುಳು ಪಕ್ಕಕ್ಕೆ ಎಳೆಯೋಷ್ಟು ಉದ್ದ ಸಿಗಬೇಕು, ಹಳೇ ಆಪರೇಷನ್‌ನಿಂದ ಒಳಗೆ ಅಂಟಿಕೊಂಡಿದ್ರೆ ಹೊಟ್ಟೆ ತೆರೆಯೋದೇ ಗತಿ ಆಗಬಹುದು.

ಸೋ ಹಾಸನದಲ್ಲೇ ಮಾಡಿಸಿ, ಮಂಗ್ಳೂರಿಗೇ ಹೋಗಿ, ಬಾಯಿಬಿಟ್ಟು ಕೇಳಿ: "ಸಾರ್, ಮೆಶ್‌ಗೆ ತೂತು ಮಾಡ್ತೀರಾ ಇಲ್ವಾ, ಯಾಕೆ? ಸ್ಟೋಮಾ ಪಕ್ಕದ ಹರ್ನಿಯಾ ನೀವು ಎಷ್ಟು ಮಾಡಿದೀರಿ?" ಕೇಳಿದ್ದಕ್ಕೆ ರೇಗೋ ಡಾಕ್ಟ್ರಾದ್ರೆ ಇನ್ನೊಬ್ಬರ ಹತ್ರ ತೋರಿಸೋದೇ ಒಳ್ಳೇದು ಅಂತೀನಿ ನಾನು.

ಉಬ್ಬಿದ್ದು ಸಣ್ಣದು, ನೋವಿಲ್ಲ ಅಂದ್ರೆ ಬೆಲ್ಟ್ ಹಾಕ್ಕೊಂಡು ಭಾರ ಎತ್ತದೆ ಇರೋದೂ ಒಂದು ದಾರಿ, ಆಪರೇಷನ್ ಆಗ್ಲೇಬೇಕು ಅಂತಿಲ್ಲ. ಆದ್ರೆ ಜೋರು ನೋವು ಬಂದು ವಾಂತಿ ಶುರುವಾಗಿ ಬ್ಯಾಗಿಗೆ ಏನೂ ಬರದೇ ನಿಂತ್ರೆ, ಅಥವಾ ಕೆಂಪಗಿದ್ದ ಸ್ಟೋಮಾ ಕಪ್ಪಗಾದ್ರೆ, ಬೆಳಗಾಗ್ಲಿ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.