ಮರಿಗೆ 6, ಬಲಿತ ಟಗರಿಗೆ 12: ಮೇವಿನ ಲೆಕ್ಕ

ಒಂದು ಕಿಲೋ ತೂಕ ಏರಲು ಕುರಿ ಎಷ್ಟು ಕಿಲೋ ಒಣಾಂಶ (ಮೇವಿನ ನೀರು ಕಳೆದು ಉಳಿಯುವ ಭಾಗ) ತಿಂದಿತು ಎಂಬುದೇ ಮೇವಿನ ಪರಿವರ್ತನೆಯ ಲೆಕ್ಕ. ಹೆಚ್ಚಿನವರು ಎಡವುವುದು ಈ ಒಣಾಂಶದಲ್ಲೇ. 15 ಕಿಲೋ ತೂಗುವ ಬನ್ನೂರು ತಳಿಯ ಮರಿಗೆ ದಿನಕ್ಕೆ 250 ಗ್ರಾಂ ಕೈತಿಂಡಿ (ಕಾಳು, ಹಿಂಡಿಯ ಮಿಶ್ರಣ), 200 ಗ್ರಾಂ ತೊಗರಿ ಹೊಟ್ಟು, 1 ಕಿಲೋ ಹಸಿ ಮೆಕ್ಕೆಜೋಳದ ಮೇವು ಹಾಕುತ್ತೀರಿ ಎನ್ನೋಣ. ಕೈತಿಂಡಿ, ಹೊಟ್ಟಿನಲ್ಲಿ ಒಣಾಂಶ ಶೇ 90ರಷ್ಟು, ಹಸಿ ಮೇವಿನಲ್ಲಿ ಶೇ 20ರಷ್ಟು. ಒಟ್ಟು 605 ಗ್ರಾಂ. 28 ದಿನಕ್ಕೆ ಸುಮಾರು 17 ಕಿಲೋ. ಮರಿ ಅಷ್ಟರಲ್ಲಿ 2.8 ಕಿಲೋ, ಅಂದರೆ ದಿನಕ್ಕೆ 100 ಗ್ರಾಂ ಏರಿದ್ದರೆ ಪರಿವರ್ತನೆ 6. ಹಸಿ ತೂಕವನ್ನೇ ಹಿಡಿದಿದ್ದರೆ 14.5 ಬಂದು, ಒಳ್ಳೆಯ ಮರಿಯನ್ನೇ ಸಂತೆಗೆ ಹೊಡೆಯುತ್ತಿದ್ದಿರಿ.

ಗೋದಲಿಯಲ್ಲಿ ಉಳಿದದ್ದು, ಕಾಲಡಿ ಚೆಲ್ಲಿದ್ದು ಎರಡನ್ನೂ ತೂಗಿ ಕಳೆಯಿರಿ. ಮರಿಯನ್ನು ಬೆಳಿಗ್ಗೆ, ಮೇವು ನೀರು ಕೊಡುವ ಮೊದಲೇ ತಕ್ಕಡಿಗೆ ಹಾಕಿ. ಹೊಟ್ಟೆ ತುಂಬಿದ ಮರಿ ಒಂದೆರಡು ಕಿಲೋ ಸುಳ್ಳು ತೂಗುತ್ತದೆ.

40 ಕಿಲೋದ ಬಲಿತ ಟಗರು ದಿನಕ್ಕೆ 1.2 ಕಿಲೋ ಒಣಾಂಶ ತಿಂದು ಅದೇ 100 ಗ್ರಾಂ ಏರಿದರೆ ಪರಿವರ್ತನೆ 12. ಅದರ ಮೇವಿನ ಬಹುಪಾಲು ದೇಹ ನಡೆಸಲೇ ಖರ್ಚಾಗುತ್ತದೆ. ಏರಿದ ತೂಕವೂ ಹೆಚ್ಚಾಗಿ ಕೊಬ್ಬು. ಮರಿ ಕಟ್ಟುವ ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು, ಹಾಗಾಗಿ ಅದು ಅಗ್ಗ. ಹಬ್ಬದ ಬೆಲೆ ಖಚಿತವಿಲ್ಲದೆ ಬಲಿತ ಟಗರನ್ನು ತಿಂಗಳುಗಟ್ಟಲೆ ಕಟ್ಟಿ ಮೇಯಿಸುವುದು ನಷ್ಟದ ಬಾಬತ್ತು ಎಂದೇ ನನ್ನ ಅಭಿಪ್ರಾಯ.

ಮರಿಯಲ್ಲೂ ಲೆಕ್ಕ 9, 10ಕ್ಕೆ ಹೋದರೆ ಮೊದಲು ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ. ಬಿಳಿಚಿದ್ದರೆ ಜಠರದಲ್ಲಿ ರಕ್ತ ಹೀರುವ ಜಂತು ಇರಬಹುದು. ಹಿಕ್ಕೆ ಪರೀಕ್ಷಿಸಿಯೇ ಔಷಧ ಕುಡಿಸಿ. ಬೇಗ ಕೊಬ್ಬಿಸುವ ಆಸೆಗೆ ಒಮ್ಮೆಲೇ ಜೋಳದ ನುಚ್ಚು ಸುರಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಮರಿ ಮೇವು ಬಿಡುತ್ತದೆ, ಸಾಯಲೂಬಹುದು. ಕೈತಿಂಡಿಯನ್ನು ಎರಡು ವಾರದಲ್ಲಿ ಮೆಲ್ಲನೆ ಏರಿಸಿ, ನಾರಿನ ಮೇವನ್ನು ಎಂದೂ ನಿಲ್ಲಿಸಬೇಡಿ. ಗಂಡು ಮರಿಗೆ ಕಾಳು ಹೆಚ್ಚಾದಾಗ ಮೂತ್ರನಾಳದಲ್ಲಿ ಕಲ್ಲು ಕಟ್ಟಬಹುದು. ಆಹಾರದಲ್ಲಿ ಸುಣ್ಣಾಂಶ ರಂಜಕದ ಎರಡರಷ್ಟಿರಲಿ, ನೀರು ಸದಾ ಸಿಗಲಿ.

ತಾಯಿ ಕುರಿಗೆ ಈ ಅಳತೆಗೋಲು ಹೊಂದದು. ಅದು ವರ್ಷವಿಡೀ ತಿಂದ ಮೇವಿಗೆ ಹಾಲು ಬಿಡಿಸಿದ ಮರಿ ಎಷ್ಟು ಕಿಲೋ ಬಂತೆಂದು ಬರೆದಿಡಿ. ಗಬ್ಬವೂ ಹಾಲೂ ಇಲ್ಲದ ಬರಡು ದಿನಗಳಲ್ಲಿ ಒಳ್ಳೆಯ ಹೊಟ್ಟು, ಮೇವು ಸಾಕು. ಟಗರು ಬಿಡುವ ಮೂರು ವಾರ ಮೊದಲಿಂದ ಮತ್ತು ಗಬ್ಬದ ಕೊನೆಯ ಆರು ವಾರ 200ರಿಂದ 250 ಗ್ರಾಂ ಕೈತಿಂಡಿ ಕೊಡಿ. ಎರಡು ವರ್ಷ ಸತತ ಮರಿ ಕೊಡದ ಕುರಿಯನ್ನು ಹಿಂಡಿನಿಂದ ತೆಗೆಯಿರಿ, ಅದು ಎಷ್ಟೇ ದುಂಡಗಿರಲಿ.