ತಲೆ ಗುಂಡಾಗಿ ಜಾಮ್ ಆದ ಬೋಲ್ಟ್: ಬಿಚ್ಚುವ ಕ್ರಮ

ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಯುವವರು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಥ್ರೆಡ್ ಜಾಮ್ ಆಗುವುದು ಬೇರೆ, ತಲೆಯ ಮೂಲೆಗಳು ಸವೆದು ಗುಂಡಾಗುವುದು ಬೇರೆ. ಬಹಳ ಸಲ ಜಾಮ್ ಆಗಿರುವುದರಿಂದಲೇ ತಲೆ ಹೋಗಿರುತ್ತದೆ. ಆದ್ದರಿಂದ ಪಾನಾ ಒಮ್ಮೆ ಜಾರಿತೆಂದರೆ ಕೈ ತೆಗೆಯಿರಿ, ಮೊದಲು ಥ್ರೆಡ್ ಸಡಿಲಿಸಿ, ಆಮೇಲೆ ತಲೆಗೆ ಹಿಡಿತ ಹುಡುಕಿ. ಕ್ರಮ ತಪ್ಪಿದರೆ ಗುಂಡಾದ ಬೋಲ್ಟ್ ಮುರಿದ ಬೋಲ್ಟ್ ಆಗುತ್ತದೆ.

ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಥ್ರೆಡ್‌ಗಳ ಸಂದಿಯಲ್ಲಿ ಅದೇ ಬೆಣೆಯಾಗುತ್ತದೆ. ನವಲಗುಂದ, ಗದಗ ಕಡೆ ಓಡುವ ಗಾಡಿಗಳ ಅಡಿಗೆ ಮೆತ್ತಿದ ಎರೆಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾರವಾರ, ಅಂಕೋಲೆಯಿಂದ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವ ಗಾಡಿಗಳಿಗೆ ಉಪ್ಪುಗಾಳಿಯ ಕಾಟ. ಅಲ್ಯುಮಿನಿಯಂ ಭಾಗದಲ್ಲಿ ಸ್ಟೀಲ್ ಬೋಲ್ಟ್ ಇದ್ದರೆ ತೇವ ಸೇರಿದಾಗ ಅಲ್ಯುಮಿನಿಯಮ್ಮೇ ಸವೆದು ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ.

ಥ್ರೆಡ್ ಸಡಿಲಿಸಲು ಮೊದಲು ವೈರ್ ಬ್ರಷ್‌ನಿಂದ ಮಣ್ಣು, ತುಕ್ಕು ತೆಗೆಯಿರಿ. ಪೆನಿಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿಯುವ ತೆಳು ಎಣ್ಣೆ) ಹೊಡೆದು, ತಲೆಯ ನಡುವೆ ಪಂಚ್ ಇಟ್ಟು ಸುತ್ತಿಗೆಯಿಂದ ಐದಾರು ನೇರ ಏಟು ಕೊಡಿ. ತುಕ್ಕಿನ ಪದರು ಬಿರಿದರೆ ಎಣ್ಣೆ ಒಳಗಿಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಎಣ್ಣೆ ಬದಲು ಬ್ರೇಕ್ ಆಯಿಲ್ ಸುರಿಯಬೇಡಿ, ಅದು ಪೇಂಟ್ ತಿನ್ನುತ್ತದೆ.

ಎಣ್ಣೆಗೆ ಬಗ್ಗದಿದ್ದರೆ ಬಿಸಿ. ಅಲ್ಯುಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಅಲ್ಲಿ ಬೋಲ್ಟ್ ಬಿಟ್ಟು ಸುತ್ತಲಿನ ಭಾಗವನ್ನು ಕಾಯಿಸಬೇಕು. ಕಬ್ಬಿಣಕ್ಕೆ ಕಬ್ಬಿಣವಾದರೆ ನಟ್ ಕಾಯಿಸಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಹೋಸ್, ರಬ್ಬರ್ ಬುಷ್ ಹತ್ತಿರ ಬೆಂಕಿ ಬೇಡ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕಂತೂ ಬೇಡವೇ ಬೇಡ: ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಇನ್ನು ಹಿಡಿತ. ಮಾರುತಿ, ಟೊಯೊಟಾ ಗಾಡಿಗಳಲ್ಲಿ ಎಂ8 (ಥ್ರೆಡ್‌ನ ದಪ್ಪ 8 ಮಿ.ಮೀ.) ಬೋಲ್ಟಿನ ತಲೆ ಹೆಚ್ಚಾಗಿ 12 ಮಿ.ಮೀ., ಯುರೋಪಿನ ಪದ್ಧತಿಯಲ್ಲಿ 13. 12ರ ತಲೆಗೆ 13ರ ಪಾನಾ ಹಾಕಿ ತಿರುಗಿಸಿಯೇ ಎಷ್ಟೋ ತಲೆಗಳು ಹಾಳಾಗಿವೆ. ಹನ್ನೆರಡು ಮೂಲೆಯ ಸಾಕೆಟ್ ಬದಿಗಿಟ್ಟು ಆರು ಮೂಲೆಯದು ಹಿಡಿಯಿರಿ. 13ರ ತಲೆ ಸವೆದಿದ್ದರೆ ಅರ್ಧ ಇಂಚಿನ, ಎಂದರೆ 12.7 ಮಿ.ಮೀ. ಸಾಕೆಟ್ ಬಡಿದು ಕೂರಿಸಿ. ಮೊದಲು ಕೂದಲೆಳೆಯಷ್ಟು ಬಿಗಿಯ ದಿಕ್ಕಿಗೆ, ನಂತರ ಸಡಿಲದ ಕಡೆ, ಹಿಂದೆ ಮುಂದೆ ಆಡಿಸುತ್ತ ಬಿಚ್ಚಿ. ಹಿಡಿಕೆಗೆ ಉದ್ದದ ಪೈಪ್ ಸಿಗಿಸುವ ಆಸೆ ಎಲ್ಲರಿಗೂ ಬರುತ್ತದೆ. 8.8 ಎಂಬ ಬಲದ ದರ್ಜೆಯ ಎಂ8 ಬೋಲ್ಟ್ ಬಿಗಿಯುವುದೇ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್‌ಗೆ, ಎಂದರೆ ತಿರುಗಿಸುವ ಬಲಕ್ಕೆ. ಮೀಟರ್ ಉದ್ದದ ಪೈಪಿನ ತುದಿಗೆ ಎರಡೂವರೆ ಕೆ.ಜಿ. ತೂಗಿದರೆ ಅಷ್ಟಾಗುತ್ತದೆ. ಮೈಭಾರ ಹಾಕಿದರೆ ಏನಾದೀತು ನೀವೇ ನೋಡಿ.

ಸಾಕೆಟ್ ಕಚ್ಚದಿದ್ದರೆ ನಟ್ ವೆಲ್ಡಿಂಗ್. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ, ಹಿಡಿತ ಮತ್ತು ಬಿಸಿ ಒಟ್ಟಿಗೇ ಸಿಗುತ್ತವೆ. ಬ್ಯಾಟರಿಯ ನೆಗೆಟಿವ್ ತೆಗೆದು, ಎಂ10 ನಟ್ಟಿನ ಸತುವಿನ ಲೇಪ ಅರದಿಂದ ಉಜ್ಜಿ (ಬಿಟ್ಟರೆ ಅದರ ಹೊಗೆಗೆ ಜ್ವರ ಬರುತ್ತದೆ), ತಲೆಯ ಮೇಲಿಟ್ಟು ನಡುವಿನ ತೂತು ತುಂಬುವಂತೆ ವೆಲ್ಡ್ ಮಾಡಿಸಿ. ಕೆಂಪು ಇಳಿದ ಮೇಲೆಯೇ ತಿರುಗಿಸಿ. ಕಾದು ಹಿಗ್ಗಿದ ಬೋಲ್ಟ್ ಆರುವಾಗ ಕುಗ್ಗಿ ತುಕ್ಕಿನಿಂದ ಬಿಡಿಸಿಕೊಳ್ಳುತ್ತದೆ.

ತಲೆ ಮುರಿದರೆ ಮಾತ್ರ ಡ್ರಿಲ್. ಮುರಿದ ಮುಖವನ್ನು ಅರದಿಂದ ಸಮ ಮಾಡಿ, ಸರಿಯಾಗಿ ನಡುವೆ ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ಎಣ್ಣೆ ಹಾಕುತ್ತ ಕೊರೆಯಿರಿ. ಎಂ8ಕ್ಕೆ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟ್ ಒಳಗೆ ಕಚ್ಚಿ ತಿರುಗಿಸಿ ತೆಗೆಯುವ ಸಾಧನ) ಸಿಗಿಸಲು ಸುಮಾರು 5 ಮಿ.ಮೀ. ತೂತು ಸಾಕು. ಎಕ್ಸ್‌ಟ್ರಾಕ್ಟರ್ ಗಟ್ಟಿ, ಆದರೆ ಪೆಡಸು. ಒಳಗೇ ಮುರಿದರೆ ಸಾಮಾನ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಅದನ್ನು ಕಡಿಯುವುದಿಲ್ಲ. ಎಂ6ಕ್ಕೆ ಅದನ್ನು ಹಾಕದಿರುವುದೇ ಲೇಸು. ಎಂ8 ಬೋಲ್ಟ್ ಹೀಗೂ ಬರದಿದ್ದರೆ ತೂತನ್ನು 6.8 ಮಿ.ಮೀ.ಗೆ ಹಿಗ್ಗಿಸಿ ಎಂ8×1.25 ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ; 1.25 ಎಂದರೆ ಥ್ರೆಡ್‌ಗಳ ಅಂತರ, ಮಿ.ಮೀ.ನಲ್ಲಿ) ಆಡಿಸಿ, ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿ.

ಹಿಂದಿನ ಡ್ರಮ್ ಕಚ್ಚಿಕೊಂಡಿದ್ದರೆ ಇಷ್ಟೆಲ್ಲ ಬೇಕಿಲ್ಲ. ಬಹಳಷ್ಟು ಡ್ರಮ್‌ಗಳಲ್ಲಿ ಎರಡು ಎಂ8 ಥ್ರೆಡ್ ತೂತುಗಳಿರುತ್ತವೆ. ಅವುಗಳಲ್ಲಿ ಬೋಲ್ಟ್ ಹಾಕಿ ಅದಕ್ಕೊಂದು ಸುತ್ತು ಇದಕ್ಕೊಂದು ಸುತ್ತು ಬಿಗಿದರೆ ತಾನೇ ಹೊರಬರುತ್ತದೆ.

ಮತ್ತೆ ಕೂಡಿಸುವಾಗ ಹೊಸ ಬೋಲ್ಟ್ ಹಾಕಿ, ಥ್ರೆಡ್‌ಗೆ ತೆಳುವಾಗಿ ಆ್ಯಂಟಿ-ಸೀಜ್ (ಥ್ರೆಡ್ ಮತ್ತೆ ಕಚ್ಚದಂತೆ ತಡೆಯುವ ಪೇಸ್ಟ್) ಸವರಿ. ಸವರಿದ ಥ್ರೆಡ್‌ನಲ್ಲಿ ಘರ್ಷಣೆ ಕಡಿಮೆ, ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ. ಟಾರ್ಕ್ ತುಸು ಇಳಿಸಬೇಕು. ಚಕ್ರದ ನಟ್‌ಗಳಿಗೆ, ಕಂಪನಿ ಹೇಳದ ಹೊರತು, ಎಣ್ಣೆಯೂ ಬೇಡ, ಆ್ಯಂಟಿ-ಸೀಜೂ ಬೇಡ.